ಹೆಡ್‌ಫೋನಿನಲ್ಲಿ ಕೇಳಿದ ಊಟ

ಹಾಲೆ ಮರದ ಬಾವಿಯ ಹತ್ತಿರ ಬರುವಾಗ ವಿಜೇತನ ಹಿಂದೆ ಒಂದು ಹೆಜ್ಜೆ ಹೆಚ್ಚಾಯಿತು.

ಒಂದೇ ಒಂದು. ಅವನು ನಡೆದರೆ ಅದೂ ನಡೆಯುತ್ತದೆ. ಅವನು ನಿಂತ... ಅದು ಇನ್ನೊಂದು ಹೆಜ್ಜೆ ಇಟ್ಟು, ಆಮೇಲೆ ನಿಂತಿತು. 'ಚಪ್ಪ್' ಅಂತ. ಒದ್ದೆ ಬರಿಗಾಲು ಹಲಗೆಯ ಮೇಲೆ ಬಿದ್ದರೆ ಹೇಗೆ ಕೇಳುತ್ತದೆ, ಹಾಗೆ. ಅಲ್ಲಿ ಹಲಗೆ ಎಲ್ಲಿಂದ ಬರಬೇಕು? ಅದು ಬರೀ ಮುರಕಲ್ಲಿನ ಕಾಲುದಾರಿ.

ನಗುವವರು ಈಗಲೇ ನಕ್ಕು ಮುಗಿಸಿ. ಇದು ನಮ್ಮ ಬೇಲಿಯಾಚೆಯ ಮನೆಯಲ್ಲಿ ನಡೆದದ್ದು, ಆ ದೊಡ್ಡ ನೆರೆ ಬಂತಲ್ಲ, ಅದರ ಮರುವರ್ಷ. ನಾನು ಶಾಲೆಗೆ ಹೋದದ್ದು ಮಧ್ಯಾಹ್ನದ ಗಂಜಿ ಕುಡಿಯುವುದಕ್ಕೆ ಮಾತ್ರ, ಒಪ್ಪುತ್ತೇನೆ. ಆದರೆ ಕಿವಿಯ ವಿಷಯದಲ್ಲಿ ಈ ಮುಳಿಯಾರಿನಲ್ಲಿ ನನ್ನನ್ನು ಮೀರಿಸುವವ ಇನ್ನೂ ಹುಟ್ಟಲಿಲ್ಲ. ಬೋವಿಕಾನ ಪೇಟೆಯಲ್ಲಿ ಬಸ್ಸಿನ ಬಾಗಿಲು ಬಡಿದರೆ ಇಲ್ಲಿ ಚಾಪೆಯಲ್ಲಿ ಮಲಗಿಯೇ ಕಂಡಕ್ಟರು ಯಾರು ಅಂತ ಹೇಳಿಯೇನು. ಪಯಸ್ವಿನಿಯ ಆಚೆ ದಡದಲ್ಲಿ ಹುಲಿ ಆಕಳಿಸಿದ್ದು ಕೇಳಿ ಈಚೆ ದಡದವರನ್ನೆಲ್ಲ ಎಬ್ಬಿಸಿದವ ನಾನು. ಅಂಥ ನನಗೇ ಕೇಳದ್ದು ಆ ಹುಡುಗನಿಗೆ ಕೇಳಿತು. ಅದಕ್ಕೇ ಹೇಳುವುದು.

ವಿಜೇತ ಅಂದರೆ ಲೋಲಾಕ್ಷಿಯ ಕಿರಿ ಮಗ. ಬೋವಿಕಾನದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಹಗಲು ಕಾಗದದ ಮುಂದೆ, ರಾತ್ರಿ ಕಂಪ್ಯೂಟರಿನ ಮುಂದೆ. ಗುಂಡು ಹೊಡೆಯುವ ಒಂದು ಆಟ. ಜನ ಆಕಾಶದಿಂದ ಒಂದು ದ್ವೀಪಕ್ಕೆ ಹಾರುವುದು, ಒಬ್ಬರನ್ನೊಬ್ಬರು ಹುಡುಕಿ ಕೊಲ್ಲುವುದು, ಕೊನೆಗೆ ಉಸಿರಿದ್ದವ ಗೆದ್ದ. ಒಬ್ಬೊಬ್ಬರೇ ಆಡುವುದಲ್ಲ, ನಾಲ್ಕು ಜನ ಸೇರಿ. ಇವನ ಜೊತೆಯವರಲ್ಲಿ ಒಬ್ಬ ಶಾರ್ಜಾದಲ್ಲಿರುವ ಚಿಕ್ಕಪ್ಪನ ಮಗ. ಆ ಆಟದಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು ಅಂತೆ. ಗೋಡೆಯಾಚೆ ಹೆಜ್ಜೆ ಕೇಳಿತಾ, ಮೆಟ್ಟಿಲಿನಲ್ಲಾ, ಹುಲ್ಲಿನಲ್ಲಾ, ಎಡಕ್ಕಾ, ಬೆನ್ನಿಗಾ... ಅದು ಗೊತ್ತಾದವ ಬದುಕಿದ. ವಿಜೇತನ ಹತ್ತಿರ ಇದ್ದದ್ದು ಒಂದು ಹರಕು ಇಯರ್‌ಫೋನು, ಎಡಗಿವಿ ಸತ್ತದ್ದು. ದಿನಾ ಎಡದಿಂದ ಬಂದವರು ಇವನನ್ನು ಹೊಡೆದು ಹೋಗುವುದು.

"ನಿನಗಿಂತ ನಮ್ಮ ಅಜ್ಜಿಗೆ ಚೆನ್ನಾಗಿ ಕೇಳ್ತದೆ ಮಾರಾಯ," ಅಂತ ಶಾರ್ಜಾದವ ಬೈದ. "ಅವರು ತೀರಿಹೋಗಿ ಎಷ್ಟು ವರ್ಷ ಆಯ್ತು ನೋಡು!"

ಅದು ಇವನಿಗೆ ತಾಗಿತು. ಸಂಬಳ ಸಿಕ್ಕಿದ ಸಂಜೆಯೇ ಬಸ್ಸು ಹಿಡಿದು ನಾಯ್ಮಾರ್ಮೂಲೆಗೆ ಹೋದ. ಅಲ್ಲಿ ಲೋಕನಾಥ ಅಂತ ಒಬ್ಬನ ಅಂಗಡಿ. ಮೊಬೈಲು ರಿಪೇರಿ, ಸ್ಪೀಕರು, ಹೆಡ್‌ಫೋನು, ಎಲ್ಲ ಉಂಟು. ಆ ಮನುಷ್ಯನಿಗೆ ಮಾರುವುದಕ್ಕಿಂತ ಬೈಯುವುದರಲ್ಲಿ ಖುಷಿ ಜಾಸ್ತಿ.

ವಿಜೇತ ಮೊದಲು ತೋರಿಸಿದ್ದು ಕೆಂಪು, ನೀಲಿ ಬೆಳಕು ಹೊತ್ತಿಸುವ ಒಂದನ್ನು.

"ಲೈಟು ನಿನ್ನ ಕಿವಿಗೆ ಕಾಣ್ತದಾ?" ಅಂದ ಲೋಕನಾಥ.

"ಮತ್ತೆ ಇದು? ದುಂ ದುಂ ಅನ್ನುವ ಬಾಸು ಭಾರಿ ಉಂಟಂತೆ."

"ಬಾಸು ಪದ್ಯ ಕೇಳುವವರಿಗೆ. ನಿನಗೆ ಬಾಂಬು ಚಂದ ಕೇಳಬೇಕಾ, ಹೆಜ್ಜೆ ಕೇಳಬೇಕಾ? ಬಾಸು ಹೆಚ್ಚಾದರೆ ಹೆಜ್ಜೆ ಅದರಡಿಯಲ್ಲಿ ಮುಳುಗಿ ಸಾಯ್ತದೆ. ಕನ್ನಡಕ ಇಡ್ತೀಯಾ?"

"ಇಲ್ಲ."

"ಬದುಕಿದೆ. ಕನ್ನಡಕದ ಕಾಲಿಗೆ ಮೆತ್ತೆ ಒತ್ತಿ ಕಿವಿ ನೋಯ್ತದೆ. ಹಾಗಾದರೆ ಇದು ಹಾಕಿ ನೋಡು. ಕಣ್ಣು ಮುಚ್ಚು. ಹೆಜ್ಜೆ ಎಲ್ಲಿ ಕೇಳ್ತದೋ ಅಲ್ಲಿಗೆ ಬೆರಳು ತೋರಿಸು."

ವಿಜೇತ ಕಣ್ಣು ಮುಚ್ಚಿ ನಿಂತ. ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಮೆತ್ತೆಯ ಹೆಡ್‌ಫೋನು ಅದು. ಹೊರಗಿನ ಪೇಟೆ, ಲಾರಿ, ಮೀನಿನವನ ಬೊಬ್ಬೆ, ಎಲ್ಲ ಒಮ್ಮೆಗೇ ಬತ್ತಿಹೋಯಿತು. ಆಮೇಲೆ... ಒಬ್ಬ ಅವನ ತಲೆಯ ಸುತ್ತ ನಡೆಯತೊಡಗಿದ. ಬೂಟು ಹಾಕಿದವ. ಜಲ್ಲಿಯ ಮೇಲೆ. ಎಡದಿಂದ ಹಿಂದಕ್ಕೆ, ಹಿಂದಿನಿಂದ ಬಲಕ್ಕೆ. ವಿಜೇತ ಬೆರಳು ತೋರಿಸುತ್ತಾ ನಿಂತಲ್ಲೇ ತಿರುಗಿದ. ಅಂಗಡಿಗೆ ಚಾರ್ಜರು ಕೊಳ್ಳಲು ಬಂದ ಇಬ್ಬರು ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಇದೇ ಬೇಕು," ಅಂದ.

"ವಯರಿಲ್ಲದ್ದರಲ್ಲಿ ಎರಡು ಜಾತಿ ಉಂಟು ಕೇಳು. ಬ್ಲೂಟೂತಿನದ್ದು ಆಟಕ್ಕೆ ಆಗುವುದಿಲ್ಲ. ಸ್ವರ ತಡ ಆಗಿ ಬರ್ತದೆ. ನೀನು ಸತ್ತ ಮೇಲೆ ಗುಂಡಿನ ಸದ್ದು ಕೇಳ್ತದೆ! ಇದಕ್ಕೆ ಈ ಸಣ್ಣ ಕುತ್ತಿ ಉಂಟಲ್ಲ, ಇದನ್ನು ಕಂಪ್ಯೂಟರಿಗೆ ಚುಚ್ಚುವುದು. ತಡ ಇಲ್ಲ. ನೀನು ಅಂಗಳದಲ್ಲಿ ಹೋಗಿ ನಿಂತರೂ ಹಿಡೀತದೆ."

ಅಷ್ಟಕ್ಕೆ ಬಂದಿದ್ದರೆ ಆಗಿತ್ತು. ಆದರೆ ವಿಜೇತನ ಕಣ್ಣು ಗಾಜಿನ ಕಪಾಟಿನಲ್ಲಿದ್ದ ಒಂದು ಮೈಕಿನ ಮೇಲೆ ಬಿತ್ತು. ಮೇಜಿನ ಮೇಲೆ ಮೂರು ಕಾಲಿನಲ್ಲಿ ನಿಲ್ಲುವ ಮೈಕು.

"ಅದು ಬೇಡ," ಅಂದ ಲೋಕನಾಥ. "ಹೆಡ್‌ಫೋನಿನಲ್ಲೇ ಮೈಕು ಉಂಟು. ಅದು ಬಾಯಿಯದ್ದು ಮಾತ್ರ ಹಿಡೀತದೆ. ಇದು ಕೋಣೆಯನ್ನೇ ಹಿಡೀತದೆ. ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಇದಕ್ಕೆ ಬೇಕು. ಮತ್ತೆ ಇದು ಒಂಟಿ ಕಿವಿಯ ಮಾಲು. ಎಡ, ಬಲ ಗೊತ್ತಿಲ್ಲ. ಕೋಣೆಯ ಯಾವ ಮೂಲೆಯಲ್ಲಿ ಸದ್ದಾದರೂ ನಟ್ಟ ನಡುವೆ ಕೇಳ್ತದೆ."

"ಸ್ವರ ಚಂದ ಬರ್ತದಲ್ವಾ?"

"ಬರ್ತದೆ. ನಿನ್ನ ಹಣೆಬರಹ, ತಕ್ಕೋ. ಒಂದು ಕೆಲಸ ಮಾಡು, ಮೈಕಿನ ಸ್ವರ ನಿನ್ನ ಕಿವಿಗೂ ಬರುವ ಹಾಗೆ ಇಡು. ಕಿವಿ ಮುಚ್ಚಿದವರು ಬೊಬ್ಬೆ ಹೊಡೀತಾರೆ. ತಮ್ಮ ಸ್ವರ ತಮಗೆ ಕೇಳಿದರೆ ಮೆಲ್ಲ ಮಾತಾಡ್ತಾರೆ. ಮನೆಯವರು ಓಡಿಸುವುದಿಲ್ಲ."

ಎಲ್ಲ ಕಟ್ಟಿಕೊಡುವಾಗ ಇನ್ನೊಂದು ಮಾತು ಹೇಳಿದ. "ಹೆಡ್‌ಫೋನಿನಲ್ಲಿ ಚಾರ್ಜು ಮುಗಿದಿದೆ. ಮನೆಗೆ ಹೋಗಿ ಹಾಕು. ದಾರಿಯಲ್ಲಿ ಇಟ್ಟುಕೊಂಡು ನಡೆದರೆ ನಿನ್ನ ಹೆಜ್ಜೆ ನಿನ್ನ ತಲೆಯೊಳಗೇ ಕೇಳ್ತದೆ. ಮುಚ್ಚಿದ ಕಿವಿಯ ಗುಣ ಅದು. ಹೆದರಬೇಡ."

ಹುಡುಗ ಕೇಳುತ್ತಾನಾ? ಕೊನೆಯ ಬಸ್ಸಿನಲ್ಲಿ ಇಳಿದು, ಜಿರಿಜಿರಿ ಮಳೆ ಅಂತ ನೆವ ಮಾಡಿ, ಹೆಡ್‌ಫೋನನ್ನು ಕಿವಿಗೆ ಏರಿಸಿ, ಮೈಕಿನ ಪೆಟ್ಟಿಗೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಹಾಲೆ ಮರದ ಬಾವಿ ಬಂತು. ಆ ಬಾವಿಗೆ ಕಟ್ಟೆ ಇಲ್ಲ. ನೀರು ಸೇದುವವರೂ ಇಲ್ಲ. ಮೊದಲು ಅವನದೇ ಹೆಜ್ಜೆ ಕೇಳಿತು, ದುಂ... ದುಂ... ಅಂತ ತಲೆಯೊಳಗೆ. ಲೋಕನಾಥ ಹೇಳಿದ್ದು ಸರಿ ಅಂತ ಅವನಿಗೆ ನಗು ಬಂತು.

ನಿಂತ.

ಚಪ್ಪ್.

ಹೆಡ್‌ಫೋನು ತೆಗೆದ. ಕಪ್ಪೆಗಳು ವಟಗುಟ್ಟುತ್ತಾ ಇದ್ದವು. ಹಾಲೆಯ ಎಲೆಯಿಂದ ನೀರು ಬಾವಿಗೆ ಬೀಳುತ್ತಿತ್ತು, 'ಟೊಳಕ್... ಟೊಳಕ್...' ಬೇರೆ ಏನೂ ಇಲ್ಲ. ಪುನಃ ಹಾಕಿದ. ಎರಡು ಹೆಜ್ಜೆ ನಡೆದು ನಿಂತ.

ಚಪ್ಪ್.

ಹಿಂದೆ ತಿರುಗಿ ನೋಡಬಾರದು, ಒಂದೇ ಸಲ ಕರೆದರೆ ಓಗೊಡಬಾರದು, ಅಂತ ನಾವು ಮಕ್ಕಳಿಗೆ ಕಲಿಸಿದ್ದೇವಲ್ಲ. ಅವನು ನೋಡಲಿಲ್ಲ. ಅದೂ ಕರೆಯಲಿಲ್ಲ. ಮುಚ್ಚಿದ ಕಿವಿಯ ಗುಣ, ಮುಚ್ಚಿದ ಕಿವಿಯ ಗುಣ ಅಂತ ಜಪ ಮಾಡುತ್ತಾ ನಡೆದ. ಆದರೆ ಕಾಲು ನಿಂತ ಮೇಲೂ ನಡೆಯುವ ಹೆಜ್ಜೆ ಯಾರದ್ದು ಅಂತ ಲೋಕನಾಥ ಹೇಳಿರಲಿಲ್ಲ.

ಅಂಗಳದ ಬೇಲಿಯ ತಡಮೆ ದಾಟಿದ ಮೇಲೆ ಅದು ಕೇಳಲಿಲ್ಲ. ಹೊರಗೇ ನಿಂತಿತು.

ಮನೆಯಲ್ಲಿ ಜಗಳ ನಡೆಯುತ್ತಿತ್ತು. ಲೋಲಾಕ್ಷಿಯ ಅಣ್ಣ ವಾಸಪ್ಪ ಬಂದಿದ್ದ. ನಮ್ಮ ತುಳುವರ ಮನೆಯಲ್ಲಿ ಸೋದರಮಾವನ ಮಾತೆಂದರೆ ಮಾತು. ಜಗಳ ಹೊಸತಲ್ಲ. ಪ್ರತಿ ಆಟಿಯಲ್ಲೂ ಅದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಟಿ ತಿಂಗಳಲ್ಲಿ, ಆ ಸುರಿಮಳೆಯಲ್ಲಿ, ಸತ್ತವರು ಮನೆಗೆ ಬರುತ್ತಾರೆ. ಕುಲೆಗಳು ಅನ್ನುತ್ತೇವೆ ನಾವು. ಹಸಿದು ಬರುತ್ತಾರೆ. ಒಂದು ರಾತ್ರಿ ಅವರಿಗೆ ಚಾವಡಿಯಲ್ಲಿ ಸಾಲಾಗಿ ಎಲೆ ಹಾಕಿ, ಕೋಳಿ, ರೊಟ್ಟಿ, ಮೀನು, ಕಳ್ಳು, ಯಾರಿಗೆ ಏನು ಇಷ್ಟವೋ ಅದನ್ನು ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಜಗಲಿಯಲ್ಲಿ ಕೂರಬೇಕು. ಮಾತಿಲ್ಲ. ಅವರು ಉಂಡಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುವುದು. ಎಲೆ ಇಲ್ಲದವನಿಗೆ ಊಟ ಇಲ್ಲ. ಬೇರೆಯವರ ಎಲೆಗೆ ಕೈ ಹಾಕುವ ಹಾಗಿಲ್ಲ. ಸತ್ತವರಲ್ಲೂ ಮರ್ಯಾದೆ ಉಂಟು, ಬದುಕಿದ್ದವರಿಗಿಂತ ಜಾಸ್ತಿ ಉಂಟು.

ಲೋಲಾಕ್ಷಿಯ ಮನೆಯಲ್ಲಿ ಮೂರು ಎಲೆ. ಅವಳ ಮಾವ, ಅತ್ತೆ, ಗಂಡ. ಜಗಳ ನಾಲ್ಕನೆಯದಕ್ಕೆ.

ಅವಳ ಹಿರಿಮಗ ಯೋಗೀಶ. ಮಂಗಳೂರು ಧಕ್ಕೆಯಿಂದ ಮೀನಿನ ಬೋಟಿಗೆ ಹೋಗುತ್ತಿದ್ದ. ಆರು ವರ್ಷದ ಹಿಂದೆ ಒಂದು ಬೋಟು ಹೋದದ್ದು ಬರಲಿಲ್ಲ. ಹಲಗೆಯೊಂದೂ ದಡಕ್ಕೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಗುಜರಾತಿನ ಬಂದರಿನಲ್ಲಿ ಅವನ ಹಾಗೆ ಒಬ್ಬನನ್ನು ಕಂಡೆ ಅಂತ ಯಾರೋ ಹೇಳಿದ್ದು ಲೋಲಾಕ್ಷಿಗೆ ಸಾಕಾಯಿತು. ಆರು ವರ್ಷದಿಂದ ಅವಳು ರಾತ್ರಿ ಅನ್ನದ ಪಾತ್ರೆಯ ಅಡಿಯಲ್ಲಿ ಒಂದು ಮುಷ್ಟಿ ಉಳಿಸುವುದು ತಪ್ಪಿಸಲಿಲ್ಲ. ತಡವಾಗಿ ಬಂದರೆ ಅಂತ.

"ರಶ್ಮಿತಾಳಿಗೆ ಮೂರು ಸಂಬಂಧ ಬಂತು, ಮೂರೂ ನಿಶ್ಚಯದ ಹೊತ್ತಿಗೆ ಮುರಿಯಿತು," ಅಂದ ವಾಸಪ್ಪ. "ಉಣ್ಣದವ ಒಬ್ಬ ಇದ್ದಾನೆ ಈ ಮನೆಯಲ್ಲಿ, ಅದಕ್ಕೇ. ಈ ಸಲವಾದರೂ ಎಲೆ ಹಾಕು ಲೋಲಾಕ್ಷಿ."

"ಬದುಕಿದ ಮಗನಿಗೆ ಕುಲೆಯ ಎಲೆ ಹಾಕ್ಲಿಕ್ಕೆ ನನಗೆ ತಲೆ ಕೆಟ್ಟಿಲ್ಲ ಅಣ್ಣ. ಕಾಣದೆ ಹೋದವರಿಗೆ ಹನ್ನೆರಡು ವರ್ಷ ಕಾಯಬೇಕು ಅಂತ ನೀನೇ ಹೇಳಿದ್ದು. ಆರು ಆಯ್ತು. ಇನ್ನು ಆರು ಉಂಟು."

"ಅಷ್ಟರಲ್ಲಿ ಇವಳಿಗೆ ತಲೆ ನರೆಯುತ್ತದೆ."

"ನನ್ನ ಹೆಸರು ಇದಕ್ಕೆ ಎಳೆಯುವುದು ಬೇಡ ಮಾವ," ಅಂದಳು ಮಗಳು ರಶ್ಮಿತಾ, ಒಳಗಿನಿಂದ. ಆಮೇಲೆ ತಮ್ಮನನ್ನು ಕಂಡು, "ಎಂತದು ಅದು ತಲೆಯಲ್ಲಿ? ಎತ್ತಿನ ಕೊಂಬಾ?"

ವಿಜೇತ ನಗಲಿಲ್ಲ. ಅವನೂ ಅಮ್ಮನ ಕಡೆಯೇ. ಆ ಕಂಪ್ಯೂಟರನ್ನು ಬೋಟಿನ ದುಡಿಮೆಯಲ್ಲಿ ತಂದುಕೊಟ್ಟವ ಅಣ್ಣ. ಗುಂಡಿನ ಆಟ ಕಲಿಸಿದವನೂ ಅವನೇ. ರಜೆಯಲ್ಲಿ ಬಂದಾಗ ಇಬ್ಬರೂ ಸರದಿಯಲ್ಲಿ ಆಡುತ್ತಿದ್ದರು. ತಮ್ಮನ ಸರದಿ ಮುಗಿಯುವವರೆಗೆ ಯೋಗೀಶ ಹಿಂದೆ ನೆಲದ ಮೇಲೆ ಕೂತು ಬೆರಳಿನ ನೆಟಿಕೆ ಮುರಿಯುವುದು. ಒಂದೊಂದೇ. ಟಕ್... ಟಕ್... 'ಬೇಗ ಸಾಯಿ ಮಾರಾಯ, ನನಗೂ ಆಡಬೇಕು' ಅಂತ. ಅಂಥ ಅಣ್ಣ ಸತ್ತ ಅಂತ ಎಲೆ ಹಾಕಿದರೆ ಕೊಂದ ಹಾಗೆ ಅಲ್ಲವಾ? ಅವನು ಬಾವಿಯ ಹತ್ತಿರ ಕೇಳಿದ್ದನ್ನು ಆಗ ಯಾರಿಗೂ ಹೇಳಲಿಲ್ಲ.

ಎಲೆ ಹಾಕುವ ರಾತ್ರಿ ಬಂತು. ಮೂರೇ ಎಲೆ. ವಾಸಪ್ಪ ಸೋತು ಬಾಯಿ ಮುಚ್ಚಿದ್ದ.

ಈಗ ವಿಜೇತ ಮಾಡಿದ ತಪ್ಪು ಕೇಳಿ. ಅವನ ಕಂಪ್ಯೂಟರು ಇದ್ದದ್ದು ಚಾವಡಿಯ ಮೂಲೆಯಲ್ಲೇ, ಎಲೆ ಹಾಕುವಲ್ಲಿಂದ ಎರಡು ಮಾರು ದೂರ. "ಆ ಪೆಟ್ಟಿಗೆಯನ್ನು ನಂದಿಸು," ಅಂತ ವಾಸಪ್ಪ ಹೇಳಿದ. ಆದರೆ ಆಟಕ್ಕೆ ಎಂತದೋ ಹೊಸತು ಬಂದಿತ್ತು, ಬೆಳಗಿನಿಂದ ಇಳಿಯುತ್ತಾ ಇತ್ತು. ಅರ್ಧದಲ್ಲಿ ನಿಲ್ಲಿಸಿದರೆ ಪುನಃ ಮೊದಲಿನಿಂದ. ಹುಡುಗ ಪರದೆಯನ್ನು ಮಾತ್ರ ಆರಿಸಿದ. ಅಮ್ಮನ ಹಳೆ ಸೀರೆಯನ್ನು ಮೇಲೆ ಹೊದಿಸಿದ. ಕಂಪ್ಯೂಟರು ಒಳಗೆ ಓಡುತ್ತಲೇ ಇತ್ತು. ಮೈಕೂ ಸೀರೆಯಡಿಯಲ್ಲಿ ಕಿವಿ ತೆರೆದು ನಿಂತೇ ಇತ್ತು. ಲೋಕನಾಥ ಹೇಳಿದ ಹಾಗೆ ಅದರ ಸ್ವರ ಬರುವ ಹೆಡ್‌ಫೋನು ಇವನ ಕೊರಳಲ್ಲಿ. ಅದು ಈಗ ಹಗಲು ರಾತ್ರಿ ಅವನ ಕೊರಳಲ್ಲೇ, ತಾಳಿಯ ಹಾಗೆ.

ದೀಪ ಇಟ್ಟರು. ಬಾಗಿಲು ಎಳೆದರು. ಜಗಲಿಯಲ್ಲಿ ನಾಲ್ಕು ಜನ, ಕತ್ತಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ. ವಾಸಪ್ಪ, ರಶ್ಮಿತಾ, ಲೋಲಾಕ್ಷಿ, ಅವಳ ಎಡಕ್ಕೆ ವಿಜೇತ. ಹಂಚಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ವಿಜೇತನ ಕೊರಳಿನಲ್ಲಿ ಒಂದು ಸಣ್ಣ ಸದ್ದು.

'ಕರುಂ.'

ಒಣ ರೊಟ್ಟಿ ಮುರಿದ ಸದ್ದು.

ಅವನು ಜಗಲಿಯಲ್ಲಿ ತಲೆ ಎಣಿಸಿದ. ಎಲ್ಲರೂ ಇದ್ದಾರೆ. ಹೆಡ್‌ಫೋನನ್ನು ಮೆಲ್ಲ ಕಿವಿಗೆ ಏರಿಸಿದ. ಮಳೆ ಬತ್ತಿತು. ದೀಪದ ಬತ್ತಿ ಚಿಟಿಚಿಟಿ ಅನ್ನುವುದು ಕೇಳಿತು. ಮತ್ತೆ ರೊಟ್ಟಿ... ಅಂಗೈಯಲ್ಲಿ ಗುದ್ದಿ ಮುರಿಯುವುದು. ಅಪ್ಪ ರೊಟ್ಟಿ ಮುರಿಯುತ್ತಿದ್ದದ್ದು ಹಾಗೆಯೇ. ಅದರ ಮೇಲೆ ಕೋಳಿಯ ಗಸಿ ಸುರಿದಾಗ ಬರುವ 'ಸುಸ್ಸ್...' ಗಂಟಲಿನಲ್ಲಿ ಕಳ್ಳು ಇಳಿಯುವ 'ಗುಟುಕ್'. ಲೋಟ ನೆಲಕ್ಕೆ ತಾಗಿದ 'ಠಣ್'. ಆಚೆಯಿಂದ ಅಜ್ಜಿಯ ಕುಟ್ಟಾಣಿ, ಎಲೆಯಡಿಕೆ ಜಜ್ಜುವುದು, 'ಕುಟು ಕುಟು ಕುಟು'. ಆ ಕುಟ್ಟಾಣಿ ಗುಜರಿಗೆ ಹೋಗಿ ವರ್ಷ ಕಳೆದಿತ್ತು.

ಎಲ್ಲವೂ ನಟ್ಟ ನಡುವೆ ಕೇಳುತ್ತಿತ್ತು. ಒಂಟಿ ಕಿವಿಯ ಮೈಕು.

ಆಮೇಲೆ ಎಡಗಿವಿಯಲ್ಲಿ ಮಾತ್ರ, ದೂರದಲ್ಲಿ...

ಚಪ್ಪ್.

ತಡಮೆಯ ಹತ್ತಿರ.

ಚಪ್ಪ್... ಚಪ್ಪ್...

ಅಂಗಳದಲ್ಲಿ. ಈಗ ಬೆನ್ನ ಹಿಂದೆ. ವಿಜೇತನಿಗೆ ಗೊತ್ತು, ಆ ಮೈಕಿಗೆ ಎಡ, ಬಲ ಇಲ್ಲ. ಅಂಗಳದ ಸದ್ದು ಹಿಡಿಯುವುದಕ್ಕೆ ಅದು ಅಂಗಳದಲ್ಲೂ ಇಲ್ಲ. ಆದರೂ ಹೆಜ್ಜೆ ಹಿಂದಿನಿಂದ ಬಂತು, ಜಗಲಿಯ ಮೆಟ್ಟಿಲು ಹತ್ತಿತು, ಬಲಗಿವಿಯ ಪಕ್ಕದಲ್ಲಿ ದಾಟಿತು. ಅವನ ಬಲಕ್ಕೆ ಇದ್ದದ್ದು ಅಮ್ಮ. ಇಬ್ಬರ ನಡುವೆ ಒಂದು ಗೇಣು ಜಾಗ. ಆ ಗೇಣಿನಲ್ಲಿ ದಾಟಿತು. ತಣ್ಣಗಿನ ಗಾಳಿಯೂ ಇಲ್ಲ, ವಾಸನೆಯೂ ಇಲ್ಲ. ಬರೀ ಹೆಜ್ಜೆ.

ಆಮೇಲೆ ಅದು ನಡುವಿಗೆ ಬಂತು. ಒಳಗೆ ಹೋಯಿತು ಅಂತ ಲೆಕ್ಕ.

ರೊಟ್ಟಿ ಮುರಿಯುವುದು ನಿಂತಿತು. ಕುಟ್ಟಾಣಿ ನಿಂತಿತು. ಒಳಗೆ ಎಲ್ಲರೂ ಕೈ ತಡೆದು ಯಾರನ್ನೋ ನೋಡಿದ ಹಾಗೆ. ಯಾರೋ ನೆಲದ ಮೇಲೆ ಕೂತ ಸದ್ದು.

ಟಕ್.

ವಿಜೇತ ಮೆತ್ತೆಯನ್ನು ಕಿವಿಗೆ ಒತ್ತಿ ಹಿಡಿದ.

ಟಕ್... ಟಕ್... ಟಕ್... ಒಂದು ಕೈ ಮುಗಿಯಿತು. ಸ್ವಲ್ಪ ತಡೆದು ಇನ್ನೊಂದು ಕೈ. ಟಕ್... ಟಕ್...

ಸರದಿ ಕಾಯುವವ. ಎಲೆ ಇಲ್ಲದವ.

ಏನು ಮಾಡುವುದು ಹೇಳಿ? ಹೇಳಿದರೆ ಅಮ್ಮನ ಯೋಗೀಶ ಅಲ್ಲೇ ಸತ್ತ. ಹೇಳದಿದ್ದರೆ ಒಳಗಿರುವ ಯೋಗೀಶ ಹಸಿದು ಹೋದ. ಇನ್ನು ಆರು ಆಟಿ ಹಸಿದು ಬರಬೇಕು, ಹಸಿದು ಹೋಗಬೇಕು. ಹುಡುಗ ಹಲ್ಲು ಕಚ್ಚಿ ಕೂತ.

"ಎಂತ ಮಗಾ?" ಲೋಲಾಕ್ಷಿ ಪಿಸುಗುಟ್ಟಿದಳು.

"ಎಂತ ಇಲ್ಲ."

"ನಡುಗ್ತೀ."

"ಚಳಿ."

"ಅದರಲ್ಲಿ ಎಂತ ಕೇಳ್ತಾ ಉಂಟು?"

"ಆಟದ್ದು ಅಮ್ಮ."

"ಕೊಡು ಇಲ್ಲಿ."

"ಬೇಡ ಅಮ್ಮ... ಬೇಡ."

ಅವಳು ಕೇಳಲಿಲ್ಲ. ಎರಡೂ ಕೈಯಲ್ಲಿ ಅವನ ತಲೆಯಿಂದ ಹೆಡ್‌ಫೋನನ್ನು ಎತ್ತಿ, ಎಡ ಬಲ ಅದಲುಬದಲಾಗಿ, ತನ್ನ ತುರುಬು ಕಟ್ಟಿದ ಕೂದಲ ಮೇಲೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ವಾಸಪ್ಪ ಕೈಸನ್ನೆ ಮಾಡಿದ, ಎಂತದು ಅದು, ತೆಗೆ ಅಂತ. ಅವಳಿಗೆ ಕಾಣಲಿಲ್ಲ. ವಿಜೇತ ಅಮ್ಮನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಏನೂ ಆಗಲಿಲ್ಲ. ತುಟಿ ಮಾತ್ರ ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿತ್ತು, ಅವಳೂ ಟಕ್ ಟಕ್ ಎಣಿಸುತ್ತಿದ್ದಾಳೋ ಏನೋ.

ಮತ್ತೆ ಕತ್ತಲೆಯಲ್ಲಿ ಒಂದು ಸಲ, "ಹೂಂ," ಅಂದಳು. ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ.

ಹೆಡ್‌ಫೋನು ತೆಗೆದು ಎದ್ದಳು. ಮಾಡಿನ ಸಂದಿಯಿಂದ ಕತ್ತಿ ಎಳೆದಳು. ಮಳೆಗೆ ಇಳಿದಳು.

"ಲೋಲಾಕ್ಷೀ!" ವಾಸಪ್ಪನ ಪಿಸುಮಾತು ಹರಿದುಹೋಯಿತು. "ಅವರು ಉಣ್ಣುವಾಗ ಏಳ್ಲಿಕ್ಕಿಲ್ಲ! ಎಲ್ಲಿಗೆ ಹೊರಟದ್ದು?"

ಬಾಳೆಯ ಬುಡದಿಂದ 'ಸರ್ರಕ್' ಅಂತ ಕೇಳಿತು. ಒಂದು ಎಲೆ ಹಿಡಿದುಕೊಂಡು, ತೊಪ್ಪೆಯಾಗಿ ಮೆಟ್ಟಿಲು ಹತ್ತಿದಳು.

"ಒಂದು ಎಲೆ ಬಾಕಿ ಉಂಟು ಅಣ್ಣ," ಅಂದಳು.

ಎಷ್ಟು ವರ್ಷದಿಂದ ಆ ಮಾತಿಗೆ ಕಾದವನು ವಾಸಪ್ಪ. ಈಗ ಅದು ಬಂದಾಗ, "ಹನ್ನೆರಡು ವರ್ಷ ಆಗ್ಲಿಲ್ಲ ಅಂತ ನೀನೇ..." ಅಂದ.

"ಹಸಿವೆಗೆ ವರ್ಷದ ಲೆಕ್ಕ ಉಂಟಾ?"

ರಶ್ಮಿತಾ ಸೆರಗಿನಲ್ಲಿ ಮುಖ ಮುಚ್ಚಿದಳು. ಲೋಲಾಕ್ಷಿ ಕೆಮ್ಮಿದಳು. ಬಾಗಿಲು ತಟ್ಟಿದಳು. ಒಬ್ಬಳೇ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ವಿಜೇತ ಹೆಡ್‌ಫೋನನ್ನು ಎತ್ತಿಕೊಂಡ. ತಪ್ಪು ಅಂತ ಗೊತ್ತಿತ್ತು. ಆದರೆ ಅಮ್ಮ ಒಳಗಿದ್ದಾಳೆ. ಅವಳಿಗೆ ಏನಾದರೂ ಆದರೆ?

ಎಲೆಯ ಮೇಲೆ ನೀರು ಚಿಮುಕಿಸಿದ್ದು ಕೇಳಿತು. ಅಂಗೈಯಲ್ಲಿ ಒರಸಿದ್ದು ಕೇಳಿತು. ಅನ್ನ, ಸೌಟು, ಬಳೆ. ಬಡಿಸುವಾಗ ಯಾವಾಗಲೂ ಹೇಳುವ ಮಾತೇ ಅವಳ ಬಾಯಲ್ಲಿ. "ಇದು ಬಂಗುಡೆ. ಮುಳ್ಳುಂಟು, ನೋಡಿ ತಿನ್ನು... ಗಸಿ ಹಾಕ್ತೇನೆ... ಉಪ್ಪು ಇಲ್ಲಿಟ್ಟಿದ್ದೇನೆ... ಸಾಕಾ? ಇನ್ನು ಸ್ವಲ್ಪ ಹಾಕ್ಲಾ?" ಮತ್ತೆ, "ನನಗೆ ಗೊತ್ತಾಗ್ಲಿಲ್ಲ ಮಗಾ. ನೀನು ಬರುವವ ಅಂತಲೇ ಕೂತದ್ದು ನಾನು."

ನೆಟಿಕೆಯ ಸದ್ದು ನಿಂತಿತ್ತು. ಅಮ್ಮ ಹೊರಗೆ ಬಂದು ಬಾಗಿಲು ಎಳೆದ ಕೂಡಲೇ ಚಾವಡಿಯಲ್ಲಿ ಪುನಃ ರೊಟ್ಟಿ ಮುರಿಯಿತು. 'ಕರುಂ.' ಕುಟ್ಟಾಣಿ ಶುರುವಾಯಿತು. ಕೈ ತಡೆದು ಕೂತವರು ಎಲ್ಲರೂ ಒಟ್ಟಿಗೆ ಉಣ್ಣಲು ಹಿಡಿದ ಹಾಗೆ.

ಲೋಲಾಕ್ಷಿ ಮಗನ ತಲೆಯಿಂದ ಹೆಡ್‌ಫೋನನ್ನು ತೆಗೆದು ತನ್ನ ಮಡಿಲಲ್ಲಿ ಮಗುಚಿ ಇಟ್ಟಳು.

"ಉಣ್ಣುವವರ ಬಾಯಿ ನೋಡಬಾರದು," ಅಂದಳು. "ಕೇಳಲೂ ಬಾರದು."

ಆಮೇಲೆ ಅತ್ತಳು. ಆರು ವರ್ಷ ಅಳದೆ ಇದ್ದವಳು. ಸ್ವರ ಇಲ್ಲದೆ, ಬಾಯಿ ತೆರೆದು, ಮಳೆಗೆ ಮುಖ ಮಾಡಿ ಅತ್ತಳು. ವಾಸಪ್ಪ ತಂಗಿಯ ಬೆನ್ನ ಮೇಲೆ ಕೈ ಇಟ್ಟು ಹಾಗೆಯೇ ಕೂತ. ಅಳುವವರನ್ನು ಸಮಾಧಾನ ಮಾಡುವುದಕ್ಕೂ ಆ ರಾತ್ರಿ ಮಾತಾಡುವ ಹಾಗಿಲ್ಲವಲ್ಲ.

ಬಾಗಿಲು ತೆಗೆಯುವ ಹೊತ್ತಿಗೆ ನಾನೂ ಅಂಗಳಕ್ಕೆ ಬಂದಿದ್ದೆ. ಕೋಳಿ ಗಸಿಯ ಪರಿಮಳಕ್ಕೆ ಬಂದವ ಅಂತ ಎಣಿಸಬೇಡಿ, ಊಟಕ್ಕೆ ಕರೆದಿದ್ದರು, ಕೇಳಿ ನೋಡಿ. ವಾಸಪ್ಪ ಕೆಮ್ಮಿದ, ತಟ್ಟಿದ, ಬಾಗಿಲು ದೂಡಿದ. ದೀಪ ಉರಿಯುತ್ತಾ ಇತ್ತು. ಮೂಲೆಯಲ್ಲಿ ಸೀರೆ ಹೊದ್ದ ಕಂಪ್ಯೂಟರು ಗೊರಗುಟ್ಟುತ್ತಿತ್ತು. ವಿಜೇತ ಓಡಿ ಹೋಗಿ ಅದರ ಪ್ಲಗ್ಗು ಕಿತ್ತ. ಆ ಮೈಕನ್ನು ಅವನು ಮರುದಿನವೇ ಲೋಕನಾಥನ ಅಂಗಡಿಯಲ್ಲಿ ಇಟ್ಟು ಬಂದ.

ನಾಲ್ಕು ಎಲೆ. ನಾನು ಬಗ್ಗಿ ಒಂದೊಂದನ್ನೇ ನೋಡಿದ್ದೇನೆ. ನನಗೆ ಈಗಲೂ ಸೂಜಿಗೆ ನೂಲು ಪೋಣಿಸುವಷ್ಟು ಕಣ್ಣುಂಟು. ಮೊದಲಿನ ಮೂರು ಬಡಿಸಿದ ಹಾಗೆಯೇ ಇದ್ದವು. ರೊಟ್ಟಿ ಒಂದೂ ಮುರಿದಿರಲಿಲ್ಲ. ನಾಲ್ಕನೆಯದರಲ್ಲೂ ಅನ್ನದ ಶಿಖರ ಕುಸಿದಿರಲಿಲ್ಲ. ಬಂಗುಡೆ ಇಟ್ಟಲ್ಲೇ ಇತ್ತು.

ಉಪ್ಪು ಮಾತ್ರ ಎಲೆಯಲ್ಲಿ ಇರಲಿಲ್ಲ. ಲೋಲಾಕ್ಷಿ ತುದಿಯಲ್ಲಿ ಇಟ್ಟಿದ್ದಳು, ಎಲೆಯ ಮೇಲೆ ಅದರ ಒದ್ದೆ ಗುರುತು ಕಾಣುತ್ತಿತ್ತು. ನೀವು ನಂಬಿ, ಬಿಡಿ, ನಾನು ಈ ಎರಡು ಕಣ್ಣಿನಲ್ಲಿ ನೋಡಿದ್ದು. ಎಲೆಯಿಂದ ಒಂದು ಗೇಣು ಆಚೆ, ಬರೀ ನೆಲದ ಮೇಲೆ, ಒಂದು ಹರಳೂ ಚೆಲ್ಲದೆ, ಅಷ್ಟೂ ಉಪ್ಪು ಸಣ್ಣ ಗುಪ್ಪೆಯಾಗಿ ಕೂತಿತ್ತು, ಕಡಲಿನಲ್ಲಿ ಉಪ್ಪು ಸಾಕಾದವ ಸರಿಸಿ ಇಟ್ಟ ಹಾಗೆ.